ಓವನ್ನಿನ ಹಿಂಬದಿಯ ಪಟ್ಟಿ

ನರಗುಂದದ ಕಾಲೇಜಿನ ಲ್ಯಾಬಿನಲ್ಲಿ ನಿಲೋಫರಳನ್ನು ಕಂಡರೆ ಪ್ರಣೀತಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇಬ್ಬರದೂ ಒಂದೇ ಕೆಲಸ. ಹತ್ತಿಕಟ್ಟಿಗೆ ಸುಟ್ಟ ಇದ್ದಿಲನ್ನೂ ಮ್ಯಾಂಗನೀಸಿನ ಪುಡಿಯನ್ನೂ ನುಣ್ಣಗೆ ಕಲಸಿ, ತೆಳ್ಳನೆಯ ಲೋಹದ ಪಟ್ಟಿಯ ಮೇಲೆ ಪದರದ ಮೇಲೆ ಪದರ ಬಳಿದು ಒಣಗಿಸುವುದು. ಸೀಸ, ಆಸಿಡ್ ಬೇಡದೆ ಉಪ್ಪುನೀರಿನಲ್ಲೇ ಕರೆಂಟು ಹಿಡಿದಿಡುವ ಬ್ಯಾಟರಿಗೆ ಈ ಪಟ್ಟಿಯೇ ಜೀವ. ಯಾರ ಪಟ್ಟಿ ಗೆಲ್ಲುವುದೋ ಅವರಿಗೆ ಧಾರವಾಡದಲ್ಲಿ ಸಂಶೋಧನೆಯ ಸೀಟು. ಇದ್ದದ್ದೇ ಒಂದು.

ಬಳಿದ ಪಟ್ಟಿಗೆ ಶಾಯಿ ತಾಕಿಸುವಂತಿಲ್ಲ. ಓವನ್ನಿನ ಹಿಂಬದಿಯದು ನಿಲೋಫರಳದು, ಬಾಗಿಲ ಬದಿಯದು ಪ್ರಣೀತಾಳದು, ಅಷ್ಟೇ ಗುರುತು.

ರಂಜಾನ್ ತಿಂಗಳು. ಇಳಿಹೊತ್ತಿಗೆ ನಿಲೋಫರ ಹೊರಟು ನಿಂತಳು. "ರೋಜಾ ಬಿಡೂ ಹೊತ್ತಾತು ಪ್ರಣೀತಕ್ಕಾ. ಓವನ್ ಬಂದ್ ಮಾಡತೀ ಏನ?"

"ನಿಶ್ಚಿಂತಿ ಹೋಗವಾ, ನಾ ಇದ್ದೇನಲ್ಲ."

ಇದ್ದಳು, ಇರದೆ ಏನು! ಹಿಂಬದಿಯ ಪಟ್ಟಿ ಆರಿದ ಮೇಲೆ ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿದಳು. ಒಳಗೆಲ್ಲೋ ಪದರ ಚಿಟ್ ಎಂದಿತು. ಮತ್ತೆ ನೇರ ಮಾಡಿ ಇದ್ದಲ್ಲೇ ಇಟ್ಟು, ಮನೆಗೆ ಹೋಗಿ ಒಂದು ರೊಟ್ಟಿ ಹೆಚ್ಚೇ ತಿಂದಳು.

ಮರುದಿನ ಇಬ್ಬರ ಗೈಡು ರಘೂತ್ತಮ ಸರ್ ಎರಡೂ ಪಟ್ಟಿಗಳನ್ನು ಉಪ್ಪುನೀರಿಗೆ ಇಳಿಸಿದರು. ಒಂದರ ಕಪ್ಪೆಲ್ಲ ಕಳಚಿ ತಳಕ್ಕೆ ಬಿತ್ತು.

"ಅಯ್ಯ, ಹಿಂದಿಂದು ಹೋತಲ್ಲ! ಪಾಪ ನಿಲೋಫರ!" ಎಂದಳು ಪ್ರಣೀತಾ.

ನಿಲೋಫರಳ ಕಣ್ಣು ತುಂಬಿದ್ದವು. "ಇಲ್ಲಕ್ಕಾ, ಅದು ನಿಂದು. ನಿನ್ನೆ ನಿಂದಿನ್ನೂ ಹಸಿ ಇತ್ತು. ಹಿಂದ ಕಾವು ಚಲೋ ಬಡೀತೈತಿ ಅಂತ ನಿಂದು ಹಿಂದಿಟ್ಟು ನಂದು ಮುಂದಿಟ್ಟಿದ್ದೆ. ಹೇಳೂದ ಮರತೆ."

ನಿನ್ನೆ ಬಾಗಿಸಿದ್ದು ತನ್ನದೇ ಪಟ್ಟಿಯೆಂದು ಪ್ರಣೀತಾಳಿಗೆ ಹೊಳೆಯಿತು. ನಾಲಿಗೆ ಮಾತ್ರ ತಡವರಿಸಲಿಲ್ಲ. "ನೋಡ್ರಿ ಸರ್! ನನ್ನ ಪಟ್ಟಿ ಮುಟ್ಟಿ ಕೆಡಿಸ್ಯಾಳ್ರಿ!"

ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಿದರೆ ಸರ್‌ಗೆ ಎಲ್ಲಿಲ್ಲದ ಸಿಟ್ಟು. "ಮುಟ್ಟಿದ್ದು ಖರೇ ಏನ?"

"ಖರೇ ಐತ್ರಿ."

"ಹಂಗಾದ್ರ ನಿನ್ನ ಪಟ್ಟಿ ಅಕಿಗೆ ಕೊಡು. ಧಾರವಾಡಕ್ಕ ಪ್ರಣೀತಾ ಹೋಗ್ತಾಳ. ನೀ ನಾಳಿಂದ ಲ್ಯಾಬಿಗೆ ಬರಬ್ಯಾಡ."

ನಿಲೋಫರ ತನ್ನ ಪಟ್ಟಿಯನ್ನು ಒಣಗಿಸಿ, ಅರಳೆಯಲ್ಲಿ ಸುತ್ತಿ ಪ್ರಣೀತಾಳ ಕೈಗಿಟ್ಟಳು. "ಅಕ್ಕಾ, ನಾ ಮುಟ್ಟಿದ್ದಕ್ಕ ಕೆಟ್ಟಿತೇನ? ಖರೇ ಹೇಳು."

ಒಂದು ಮಾತು ಸಾಕಿತ್ತು. ಪ್ರಣೀತಾ ಪಟ್ಟಿಯನ್ನು ಚೀಲಕ್ಕೆ ಹಾಕಿ ಝಿಪ್ ಎಳೆದಳು.

"ಮತ್ತ್ಯಾರಿಂದ? ನಿನ್ನ ಉಪಕಾರ ಯಾರು ಕೇಳಿದ್ರು?"

ನಿಲೋಫರ ಅವಳ ಕೈ ಹಿಡಿದುಕೊಂಡಳು. "ತಪ್ಪಾತಕ್ಕಾ. ಮಾಫ್ ಮಾಡು."

"ಹೋಗ್ಲಿ ಬಿಡು," ಎಂದಳು ಪ್ರಣೀತಾ, "ಮಾಫ್ ಮಾಡೇನಿ."