ಹೇಳದೆ ಹಿಂದೆ ಬಂದವರು

ಸ್ಟಿಕರ್ ಅಕ್ಕನ ಕೆಲಸ ಏನೆಂದು ಅವಳ ಅತ್ತೆಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೆಲಸದ ಹೆಸರಿನ ಬಾಲದಲ್ಲಿ ‘ಟೆಕ್ನಿಷಿಯನ್’ ಎಂದು ಇರುವುದನ್ನು ಕೇಳಿ, ಸೊಸೆ ಏನೋ ರಿಪೇರಿ ಮಾಡುತ್ತಾಳೆಂದು ನಂಬಿ, ಪಕ್ಕದ ಮನೆಯವರ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯನ್ನು ಒಂದು ದಿನ ಹೊತ್ತು ತಂದಿದ್ದರು.

“ಅತ್ತೆ, ನಾನು ಕೆಲಸ ಮಾಡೋದು ಮಕ್ಕಳ ಜೊತೆ. ಅವರ ಜೊತೆ ಕೂತು, ಆಡಿ, ನಡವಳಿಕೆ ಕಲಿಸ್ತೀನಿ.”

“ಆಡೋಕೂ ಸಂಬಳ ಕೊಡ್ತಾರಾ!” ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟಿದ್ದರು.

ಕೊಡುತ್ತಾರೆ. ಆದರೆ ಆ ಆಟದ ಕಷ್ಟ ಆಡಿದವರಿಗೇ ಗೊತ್ತು. ಮಾತು ಬಾರದ ಮಗು ನೀರು ಬೇಕೆಂದು ಲೋಟದ ಚಿತ್ರ ತೋರಿಸುವುದನ್ನು ಕಲಿಯುವವರೆಗೆ, ಸಿಟ್ಟು ಬಂದಾಗ ಕಚ್ಚುವ ಹುಡುಗ ಕಚ್ಚದೆ “ಸಾಕು” ಎನ್ನುವವರೆಗೆ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಿರಬೇಕು. ಮಗು ಸರಿಯಾದದ್ದನ್ನು ಮಾಡಿದ ಕೂಡಲೇ, ಅದರ ಕೈ ಇನ್ನೂ ಕೆಳಗಿಳಿಯುವ ಮುಂಚೆಯೇ, ಬಾಯ್ತುಂಬ ಹೊಗಳಿ, ಬಹುಮಾನಕ್ಕೆ ಒಂದು ಸ್ಟಿಕರ್ ಅಂಟಿಸಬೇಕು. ತಡವಾಗಿ ಹೊಗಳಿದರೆ ಯಾವುದಕ್ಕೆ ಹೊಗಳಿದರೆಂದು ಮಗುವಿಗೆ ತಿಳಿಯುವುದಿಲ್ಲ. ಈ ಪಾಠ ಸ್ಟಿಕರ್ ಅಕ್ಕನಿಗೆ ಎಷ್ಟು ರಕ್ತಗತವಾಗಿತ್ತೆಂದರೆ, ಗಂಡ ಒದ್ದೆ ಟವಲನ್ನು ಹಗ್ಗದ ಮೇಲೆ ಹರವಿದರೂ ಅವಳ ಬಾಯಿಂದ ತಾನಾಗಿ “ಸೂಪರ್!” ಎಂದು ಹೊರಬೀಳುತ್ತಿತ್ತು. ಅವನು “ಸ್ಟಿಕರ್ ಎಲ್ಲಿ?” ಎಂದು ಅಂಗೈ ಚಾಚುತ್ತಿದ್ದ. ಸ್ಟಿಕರ್ ಇರುತ್ತಲೂ ಇತ್ತು. ಅವಳ ಚೀಲದಲ್ಲಿ ಹಣ ಇಲ್ಲದ ದಿನ ಉಂಟು, ಸ್ಟಿಕರ್ ಇಲ್ಲದ ದಿನ ಇಲ್ಲ.

ಇಂಥ ಮಕ್ಕಳ ತರಬೇತಿ ಕೇಂದ್ರದಲ್ಲಿ ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಎಲ್ಲರಿಗಿಂತ ದೊಡ್ಡವಳು ರೂಲ್ಸ್ ರಾಣಿ. ಹದಿನಾರು ತುಂಬಿದ ಹುಡುಗಿ. ಮಾತು ಸಲೀಸು, ಆದರೆ ಅಂದುಕೊಂಡದ್ದು ಅಂದುಕೊಂಡ ಹಾಗೆ ನಡೆಯದಿದ್ದರೆ ಅವಳಿಗೆ ಆಕಾಶವೇ ಕಳಚಿಬೀಳುತ್ತಿತ್ತು. ನಿಯಮವೆಂದರೆ ಪ್ರಾಣ. ಆಟದ ಚಾಪೆಯ ಮೇಲೆ ಚಪ್ಪಲಿ ಹಾಕಿಕೊಂಡು ಬಂದ ಕೇಂದ್ರದ ಮುಖ್ಯಸ್ಥರನ್ನೇ ಹೊರಗೆ ಕಳಿಸಿ, ಚಪ್ಪಲಿ ಬಿಡಿಸಿ, ಆಮೇಲೆ “ಈಗ ಬನ್ನಿ ಸಾರ್” ಎಂದು ಒಳಗೆ ಕರೆದವಳು. ಆ ಹೆಸರು ಬಿದ್ದದ್ದು ಅವತ್ತೇ, ಅದು ಅವಳಿಗೆ ಬಲು ಇಷ್ಟ.

ಈ ರಾಣಿಗೆ ಒಂದು ಅದೃಷ್ಟ ಕೂಡಿಬಂದಿತ್ತು. ಊರಿನ ಆ ತುದಿಯ ಬೇಕರಿಯವರು ಅವಳಿಗೆ ಕೆಲಸ ಕಲಿಸಲು ಒಪ್ಪಿದ್ದರು. ಹಿಟ್ಟು ನಾದುವುದೆಂದರೆ ಹುಡುಗಿಗೆ ಎಲ್ಲಿಲ್ಲದ ಹಿಗ್ಗು. ಆದರೆ ಬೇಕರಿಯವರದು ಒಂದೇ ಮಾತು, “ತಾನಾಗಿ ಬರಬೇಕು, ತಾನಾಗಿ ಹೋಗಬೇಕು. ಕರ್ಕೊಂಡು ಬರೋಕೆ ನನ್ನ ಹತ್ರ ಜನ ಇಲ್ಲ.” ಮನೆಯಲ್ಲಿ ಇರುವುದು ಅಮ್ಮ ಒಬ್ಬಳೇ. ಅವಳು ಬೇಕರಿಯ ಪಕ್ಕದ ರಸ್ತೆಯ ಆಸ್ಪತ್ರೆಯಲ್ಲೇ ಬಟ್ಟೆ ಒಗೆಯುವವಳು, ನಿಜ. ಆದರೆ ಅವಳ ಪಾಳಿ ಬೆಳಕು ಹರಿಯುವ ಮುಂಚೆಯೇ ಶುರು. ಬೇಕರಿ ಬೇಕೆಂದರೆ ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಹೋಗಲೇಬೇಕು.

ಬಸ್ಸೆಂದರೆ ಅಮ್ಮನಿಗೆ ಎದೆ ಝಲ್ಲೆನ್ನುತ್ತಿತ್ತು. ಹೋದ ವರ್ಷ ಹುಡುಗಿಯ ಇಷ್ಟದ ಸೀಟಿನಲ್ಲಿ, ಡ್ರೈವರ್ ಹಿಂದಿನ ಕಿಟಕಿ ಪಕ್ಕದಲ್ಲಿ, ಯಾರೋ ಕೂತಿದ್ದರು. ಅವಳು ಕಿವಿ ಮುಚ್ಚಿಕೊಂಡು ಬಸ್ಸಿನ ನೆಲದ ಮೇಲೆ ಕೂತು ಕಿರುಚಿದ್ದಳು. ಬಸ್ಸು ನಿಂತಿತ್ತು. ನಾಲ್ಕು ಜನ ಸಹಾಯಕ್ಕೆ ಬರುವ ಬದಲು ಫೋನ್ ತೆಗೆದು ವಿಡಿಯೋ ಮಾಡಿದ್ದರು. ಅಂಥವರ ಫೋನು ನೀರಿಗೆ ಬೀಳಲಿ.

ಸ್ಟಿಕರ್ ಅಕ್ಕ ತಿಂಗಳುಗಟ್ಟಲೆ ಅವಳ ಜೊತೆ ಬಸ್ಸು ಹತ್ತಿದಳು. ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಕಟ್ಟಕಡೆಯ ಸೀಟಿನಲ್ಲಿ. ಕೈ ಹಿಡಿದು ಕಲಿಸುವುದು ಸುಲಭ, ಹಿಡಿದ ಕೈಯನ್ನು ಒಂದೊಂದೇ ಬೆರಳಿನಂತೆ ಬಿಡಿಸಿಕೊಳ್ಳುವುದೇ ಈ ಕೆಲಸದ ಕಷ್ಟ. ದಾರಿಯಲ್ಲಿ ನಿಯಮಗಳನ್ನೂ ಕಲಿಸಿದಳು. ಡ್ರೈವರ್ ಜೊತೆ ಬಸ್ಸು ನಿಂತಾಗಲೇ ಮಾತು. ತಲುಪಿದ ಮೇಲೆ ಅಮ್ಮನಿಗೆ ಫೋನು. ಎಲ್ಲಕ್ಕಿಂತ ದೊಡ್ಡ ನಿಯಮವನ್ನು ಹುಡುಗಿಯಿಂದ ಮತ್ತೆ ಮತ್ತೆ ಹೇಳಿಸಿದ್ದಳು: ಹೇಳದೆ ಯಾರಾದರೂ ಹಿಂದೆ ಬಂದರೆ ಡ್ರೈವರ್‌ಗೆ ಹೇಳಬೇಕು, ಗೊತ್ತಿರೋರಾದ್ರೂ ಸರಿ, ಗೊತ್ತಿಲ್ದೋರಾದ್ರೂ ಸರಿ.

ಒಬ್ಬಳೇ ಹೋಗಬೇಕಾದ ದಿನದ ಹಿಂದಿನ ಸಂಜೆ ಅಮ್ಮ ಕೇಂದ್ರದ ಬಾಗಿಲಲ್ಲಿ ಸ್ಟಿಕರ್ ಅಕ್ಕನ ಕೈ ಹಿಡಿದುಕೊಂಡಳು.

“ತಂಗಿ, ಅವಳಿಗೆ ಗೊತ್ತಾಗದ ಹಾಗೆ ನೀನು ಹಿಂದೆ ಹೋಗು. ಇಲ್ಲಾಂದ್ರೆ ನಾನು ಕಳಿಸಲ್ಲ. ಇನ್ನೊಂದು ಸಲ ಹಾಗೇನಾದ್ರೂ ಆದ್ರೆ ಬೇಕರಿಯೂ ಬೇಡ, ಬಸ್ಸೂ ಬೇಡ, ನನ್ನ ಮಗಳು ಮನೆಯಲ್ಲೇ ಇರ್ಲಿ.”

“ಹೋಗ್ತೀನಿ ಅಕ್ಕ. ಮಾತು ಕೊಟ್ಟೆ.”

ಹುಡುಗಿಯೂ ಬಂದು ಕೇಳಿದಳು, “ನಾಳೆ ನೀವು ಬರ್ತೀರಾ?”

“ಇಲ್ಲಮ್ಮ. ನಾಳೆ ನೀನೊಬ್ಬಳೇ,” ಎಂದಳು ಸ್ಟಿಕರ್ ಅಕ್ಕ, ಕಣ್ಣು ತಪ್ಪಿಸಿ.

ಬೆಳಗ್ಗೆ ಅವಳು ಗಂಡನ ಹಳೇ ಜಾಕೆಟ್ ತೊಟ್ಟು, ಅತ್ತೆಯ ಶಾಲು ಹೊದ್ದು, ಮುಖಕ್ಕೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹೊರಟಳು. “ಯಾರ ಮನೆಗೆ ಕನ್ನ ಹಾಕೋಕೆ ಹೊರಟೆ?” ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಬಸ್ ಸ್ಟಾಪಿನ ಪಕ್ಕದ ಔಷಧದಂಗಡಿಯ ಮರೆಯಲ್ಲಿ ನಿಂತು, ಹುಡುಗಿ ಮುಂದಿನ ಬಾಗಿಲಿಂದ ಹತ್ತಿದ ಮೇಲೆ ಹಿಂದಿನ ಬಾಗಿಲಿಂದ ಹತ್ತಿ ಕಡೆಯ ಸೀಟಿನಲ್ಲಿ ಮುದುಡಿ ಕೂತಳು.

ಹುಡುಗಿ ಟಿಕೆಟ್ ಯಂತ್ರಕ್ಕೆ ಬಸ್ ಕಾರ್ಡ್ ಒತ್ತಿದಳು. ಮುಂದೆ ನಡೆದಳು. ಅವಳ ಸೀಟಿನಲ್ಲಿ ಒಬ್ಬ ಮನುಷ್ಯ ಪತ್ರಿಕೆ ಹರಡಿಕೊಂಡು, ಆ ಬಸ್ಸು ತಾತನ ಕಾಲದಿಂದ ತನ್ನದೇ ಎಂಬ ಹಾಗೆ ಕೂತಿದ್ದ.

ಹುಡುಗಿ ನಿಂತಳು. ಎರಡೂ ಕೈ ಕಿವಿಯ ಕಡೆ ಹೋದವು. ಭುಜಗಳು ಮೇಲೇರಿದವು. ಬಸ್ಸು ಹೊರಟು ಒಮ್ಮೆ ಜೋಲಿ ಹೊಡೆಯಿತು, ಹುಡುಗಿ ಕಂಬ ಹಿಡಿದುಕೊಂಡು ಕಣ್ಣು ಮುಚ್ಚಿ, ಕೇಂದ್ರದಲ್ಲಿ ಕಲಿತ ಹಾಗೆ ಉದ್ದಕ್ಕೆ ಉಸಿರು ಬಿಟ್ಟಳು. ಇನ್ನೊಮ್ಮೆ ಬಿಟ್ಟಳು. ಆಮೇಲೆ ತನಗೇ ಕೇಳುವಷ್ಟು ಗಟ್ಟಿಯಾಗಿ, “ಬೇರೆ ಸೀಟೂ ಆಗುತ್ತೆ,” ಎಂದು ಹೇಳಿಕೊಂಡು ಆಚೆ ಬದಿಯ ಖಾಲಿ ಸೀಟಿನಲ್ಲಿ ಹೋಗಿ ಕೂತಳು.

“ಸೂಪರ್! ಎಷ್ಟು ಚೆನ್ನಾಗಿ ಮಾಡಿದೆ!”

ಇಡೀ ಬಸ್ಸು ಹಿಂದೆ ತಿರುಗಿತು. ಕಡೆಯ ಸೀಟಿನಲ್ಲಿ ಜಾಕೆಟ್ಟು, ಶಾಲು, ಕಪ್ಪು ಕನ್ನಡಕದ ಆಕೃತಿಯೊಂದು ಎದ್ದು ನಿಂತು, ಒಂದು ಕೈಯ ಹೆಬ್ಬೆರಳು ಮೇಲೆತ್ತಿ, ಇನ್ನೊಂದು ಕೈಯನ್ನು ಚೀಲದೊಳಗೆ ತೂರಿಸಿ ಏನನ್ನೋ ತಡಕಾಡುತ್ತಿತ್ತು. ಸ್ಟಿಕರ್ ಅಕ್ಕನಿಗೆ ತಾನು ಏನು ಮಾಡಿದೆನೆಂದು ಹೊಳೆದದ್ದು ಆಗಲೇ. ಅಷ್ಟರಲ್ಲಿ ಕೈಗೆ ಸ್ಟಿಕರೂ ಸಿಕ್ಕಿತ್ತು.

ಹುಡುಗಿ ಅವಳನ್ನು ದಿಟ್ಟಿಸಿ ನೋಡಿ ಮುಂದಕ್ಕೆ ತಿರುಗಿದಳು. ಬಸ್ಸು ಮುಂದಿನ ಸ್ಟಾಪಿನಲ್ಲಿ ಪೂರ್ತಿ ನಿಂತ ಮೇಲೆಯೇ ಎದ್ದು ಡ್ರೈವರ್ ಬಳಿ ಹೋದಳು.

“ಅಂಕಲ್, ಕಪ್ಪು ಕನ್ನಡಕದವರು ಹೇಳದೆ ನನ್ನ ಹಿಂದೆ ಬಂದಿದಾರೆ.”

ಡ್ರೈವರ್ ಗಟ್ಟಿ ಆಳು. ಸೀಟು ಬಿಟ್ಟು ಹಿಂದಕ್ಕೆ ಬಂದ. ಸ್ಟಿಕರ್ ಅಕ್ಕ ತಡಬಡಿಸಿ ಮಾಸ್ಕು, ಕನ್ನಡಕ ಎಲ್ಲ ಕಿತ್ತಳು. “ಅಣ್ಣಾ, ನಾನು ಅವಳ ಟೀಚರ್ ಇದ್ದ ಹಾಗೆ, ನನ್ನ ಮಾತು ಕೇಳಿ...”

“ಇವರು ನಿಂಗೆ ಗೊತ್ತೇನಮ್ಮ?” ಡ್ರೈವರ್ ಹುಡುಗಿಯನ್ನು ಕೇಳಿದ.

“ಗೊತ್ತು. ಸ್ಟಿಕರ್ ಅಕ್ಕ. ಒಳ್ಳೆಯವರು. ಆದ್ರೆ ಬರಲ್ಲ ಅಂತ ಹೇಳಿ ಬಂದಿದಾರೆ. ಗೊತ್ತಿರೋರಾದ್ರೂ ಡ್ರೈವರ್‌ಗೆ ಹೇಳ್ಬೇಕು.”

“ಅದು ಸರಿಯಾದ ಮಾತು,” ಎಂದಿತು ಪತ್ರಿಕೆಯ ಹಿಂದಿನಿಂದ ಒಂದು ದನಿ.

ಒಂದೇ ಒಂದು ಮಾತು ಸಾಕಿತ್ತು. “ನಿನ್ನ ಒಳ್ಳೇದಕ್ಕೇ ಬಂದೆ ಚಿನ್ನ, ಇದು ಲೆಕ್ಕಕ್ಕಿಲ್ಲ,” ಎಂದಿದ್ದರೆ ಹುಡುಗಿ ನಂಬುತ್ತಿದ್ದಳು, ಪ್ರಯಾಣ ಸುಖವಾಗಿ ಮುಗಿಯುತ್ತಿತ್ತು, ಅಮ್ಮನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಆ ಮಾತು ಸ್ಟಿಕರ್ ಅಕ್ಕನ ನಾಲಿಗೆಯ ತುದಿಗೆ ಬಂದೂ ಆಗಿತ್ತು. ಆದರೆ ನಾಳೆ ಬೇರೆ ಯಾರೋ ಇಂಥದ್ದೇ ಸಿಹಿ ಮಾತಾಡಿಕೊಂಡು ಹಿಂದೆ ಬಂದರೆ? ಅವಳು ಮಾತನ್ನು ನುಂಗಿಕೊಂಡಳು.

“ತಪ್ಪು ನಂದೇ. ಇಳೀತೀನಿ,” ಎಂದಳು.

ಇಳಿದಳು. ಬಾಗಿಲು ಮುಚ್ಚಿತು. ಹುಡುಗಿ ಕಿಟಕಿಯಿಂದ ಗಂಭೀರವಾಗಿ ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಹುಡುಗಿ ಹುಟ್ಟಿದಾಗಿನಿಂದ ಮೊದಲ ಸಲ, ಮನೆಯಾಚೆ ಅವಳು ಎಲ್ಲಿದ್ದಾಳೆಂದು ನೋಡುವ ಒಂದು ಕಣ್ಣೂ ಇರಲಿಲ್ಲ. ಸ್ಟಿಕರ್ ಅಕ್ಕ ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದಳು.

“ಅಕ್ಕ, ಬೈಬೇಡಿ. ನಿಮ್ಮ ಮಗಳು ನನ್ನನ್ನ ಬಸ್ಸಿಂದ ಇಳಿಸಿಬಿಟ್ಳು. ಒಬ್ಬಳೇ ಹೋಗಿದಾಳೆ.”

ಆ ಕಡೆ ಬಟ್ಟೆ ಒಗೆಯುವ ದೊಡ್ಡ ಯಂತ್ರ ತಿರುಗುತ್ತಿತ್ತು. ಆ ಸದ್ದಿನ ನಡುವೆ “ಒಬ್ಬಳೇನಾ?” ಎಂಬ ಸಣ್ಣ ದನಿ. ಫೋನ್ ಕಟ್ಟಾಯಿತು.

ಮುಂದಿನ ಬಸ್ಸು ಬಂತು. ಸ್ಟಿಕರ್ ಅಕ್ಕ ಹತ್ತಿ ಬಾಗಿಲ ಹತ್ತಿರವೇ ನಿಂತಳು. ಅವಳಿಗೆ ಗೊತ್ತಿದ್ದ ದೇವರುಗಳೆಲ್ಲ ಆ ಹೊತ್ತಿನಲ್ಲಿ ಬಿಡುವಿಲ್ಲದೆ ದುಡಿದಿರಬೇಕು. ಅರ್ಧ ದಾರಿಯಲ್ಲಿ ಫೋನ್ ಬಡಿದುಕೊಂಡಿತು.

“ಫೋನ್ ಮಾಡಿದ್ಳು ಕಣೇ!” ಅಮ್ಮ ಏದುಸಿರು ಬಿಡುತ್ತಿದ್ದಳು. “‘ತಲುಪಿದೆ’ ಅಂದ್ಳು, ಇಟ್ಟುಬಿಟ್ಳು! ಅಷ್ಟೇ! ‘ತಲುಪಿದೆ’ ಅಂತ!”

ಸ್ಟಿಕರ್ ಅಕ್ಕ ಬಸ್ಸಿನಲ್ಲೇ ಕುಣಿದಳು. ಪಕ್ಕದಲ್ಲಿದ್ದ ಅಜ್ಜಿ ಏನಾಯಿತೆಂದು ಕೇಳಿದಾಗ ಅವರನ್ನು ಅಪ್ಪಿಕೊಂಡು ಕೋಟಿಗೆ ಒಂದು ಸ್ಟಿಕರ್ ಅಂಟಿಸಿದಳು. ಇಷ್ಟು ಸಂತೋಷವನ್ನು ಒಬ್ಬಳೇ ಇಟ್ಟುಕೊಂಡು ಏನು ಮಾಡುವುದು?

ಬೇಕರಿಯ ಎದುರು ಪಾದಚಾರಿ ದಾರಿಯಲ್ಲಿ ಅಮ್ಮ ಒದ್ದೆ ಏಪ್ರನ್ ಸಮೇತ ನಿಂತಿದ್ದಳು, ಕೆಲಸದ ನಡುವೆ ಓಡಿಬಂದಿದ್ದಳು. ಇಬ್ಬರೂ ಕೈ ಕೈ ಹಿಡಿದುಕೊಂಡು ಗಾಜಿನಾಚೆ ನೋಡಿದರು. ಹುಡುಗಿ ತಲೆಗೆ ಬಿಳಿ ಟೋಪಿ ಹಾಕಿಕೊಂಡು, ಗೋಡೆಯ ಮೇಲಿನ ಸೂಚನೆಗೆ ಬೆರಳು ತೋರಿಸುತ್ತಿದ್ದಳು. ಬೇಕರಿಯವರು ತಮ್ಮ ಬೋಳುತಲೆ ಸವರಿಕೊಂಡು, ನಗುತ್ತ, ತಮ್ಮ ಟೋಪಿಯನ್ನು ಕಪಾಟಿನಲ್ಲಿ ಹುಡುಕುತ್ತಿದ್ದರು. ಅದು ಸಿಕ್ಕಿ ತಲೆಗೇರಿದ ಮೇಲೆಯೇ ಹಿಟ್ಟಿನ ಮುದ್ದೆ ಹೊರಬಂತು. ಅಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದು ಮೂಗು ಸೋರಿತು.

“ಬನ್ನಿ ಅಕ್ಕ, ಒಳಗೆ ಹೋಗಿ ಒಂದು ಸಲ ಅಪ್ಪಿಕೊಂಡು ಬರೋಣ,” ಎಂದು ಸ್ಟಿಕರ್ ಅಕ್ಕ ರಸ್ತೆಗೆ ಕಾಲಿಟ್ಟಳು.

ಅಮ್ಮ ಅವಳ ಜಾಕೆಟ್ ಹಿಡಿದು ಹಿಂದಕ್ಕೆಳೆದಳು.

“ಬರ್ತೀವಿ ಅಂತ ಅವಳಿಗೆ ಹೇಳಿದೀವಾ?”

“ಇಲ್ಲ.”

“ಮತ್ತೆ?” ಅಮ್ಮ ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಳು. “ನಾನು ಹೋಗ್ತೀನಿ, ಪಾಳಿ ಮುಗಿಸಿ ಬೇಗ ಮನೆ ಸೇರ್ಬೇಕು. ಇಷ್ಟು ವರ್ಷ ಸಂಜೆ ನಾನೇ ಅವಳನ್ನ ಕರ್ಕೊಂಡು ಮನೆಗೆ ಬರ್ತಿದ್ದೆ. ನನ್ನ ಮಗಳು ಹೊರಗಿಂದ ಬಂದು ಬಾಗಿಲು ತಟ್ಟಿದ್ದೇ ಇಲ್ಲ, ಗೊತ್ತಾ ತಂಗಿ? ಇವತ್ತು ತಟ್ತಾಳೆ. ತೆಗೆಯೋಕೆ ನಾನು ಒಳಗಿರ್ಬೇಡ್ವಾ?”

ಹಾಗೆಂದು ಅವಳು ಆಸ್ಪತ್ರೆಯ ಕಡೆ ಅರ್ಧ ನಡೆದು, ಅರ್ಧ ಓಡಿ ಹೊರಟೇಹೋದಳು.