ಅತ್ತೆ ನಂಬದ ಗುಳಿಗೆ

ಸ್ವಾತಂತ್ರ್ಯ ಬಂದ ಹೊಸತರ ಮಾತು. ಅಹಮದಾಬಾದಿನ ಮೇ ತಿಂಗಳೆಂದರೆ ಮಣಿನಗರದ ನಮ್ಮ ರೈಲ್ವೆ ಕ್ವಾರ್ಟರ್ಸಿನ ಗೋಡೆಯನ್ನೂ ಮುಟ್ಟಲಾಗದು. ಅಂಥದ್ದರಲ್ಲಿ ನಮ್ಮ ಅತ್ತೆ ಕಮಲಾಕ್ಷಿಬಾಯಿ ಚಳಿ ಚಳಿ ಎಂದು ಧಾಬಳಿ ಹೊದ್ದು ಕೂತಿದ್ದರು. ಮುಖ ಊದಿತ್ತು, ದನಿ ಒಡೆದಿತ್ತು, ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆವು. ಅರವತ್ತೂ ತುಂಬಿರಲಿಲ್ಲ, ಎಂಥ ವಯಸ್ಸು, ಮಣ್ಣು!

ಕಡೆಗೆ ನಮ್ಮವರು ಡಾಕ್ಟರ್ ದೇಸಾಯಿಯವರನ್ನು ಕರೆತಂದರು. ಅವರು ನಾಡಿ ಹಿಡಿದರು, ಎದೆ ನೋಡಿದರು, ಕುತ್ತಿಗೆ ಒತ್ತಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ರಸ ಬತ್ತಿದೆ, ಅದಿಲ್ಲದೆ ಹೃದಯಕ್ಕೆ ಕಸುವಿಲ್ಲ, ಸುತ್ತ ನೀರು ತುಂಬಿದೆ ಎಂದರು. ಗುಳಿಗೆ ತೆಗೆದುಕೊಂಡರೆ ಬದುಕುತ್ತಾರೆ, ಬಿಟ್ಟರೆ ಹೃದಯ ನಿಲ್ಲುತ್ತದೆ. ಹೊರಬಾಗಿಲಲ್ಲಿ ಇನ್ನೊಂದು ಮಾತು ಹೇಳಿದರು: ಗುಳಿಗೆ ಮಾಡುವುದು ಕುರಿಯ ಅದೇ ಗ್ರಂಥಿಯನ್ನು ಒಣಗಿಸಿ.

ರಾಮ ರಾಮಾ! ಈರುಳ್ಳಿ ಹೆಚ್ಚಿದ ಈಳಿಗೆಯನ್ನೂ ಮುಟ್ಟದ ಮಡಿ ಹೆಂಗಸಿಗೆ ಕುರಿ!

ಅತ್ತೆ ಕೇಳಿಯೇ ಕೇಳಿದರು. "ಹಯವದನಾ, ಇದರಾಗ ಏನದ?"

"ಬೇರು, ಸೊಪ್ಪು. ಅಷ್ಟ ಅವ್ವಾ."

"ತುಳಸಿ ಮುಟ್ಟಿ ಹೇಳು."

ನಮ್ಮವರು ಮುಟ್ಟಿ ಹೇಳಿದರು. ಜೀವ ಮೊದಲು, ಪಾಪ ಆಮೇಲೆ ಅಂದುಕೊಂಡೆ ನಾನು. ಈಗಲೂ ಹಾಗೇ ಅನ್ನುತ್ತೇನೆ.

ಗುಳಿಗೆ ಕೆಲಸ ಮಾಡಿತು. ಮಳೆಗಾಲ ಬರುವ ಹೊತ್ತಿಗೆ ಬಾವು ಇಳಿದು ಅತ್ತೆಯ ಮೊದಲಿನ ಮುಖ ಬಂತು. ಧಾಬಳಿ ಪೆಟ್ಟಿಗೆ ಸೇರಿತು. ತಾವೇ ಒಲೆ ಹೊತ್ತಿಸಿ ಅಡುಗೆ ಮಾಡಿಕೊಂಡು, ನನ್ನ ಸಾರಿಗೆ ಹುಳಿ ಹೆಚ್ಚಾಯಿತೆಂದು ಬಯ್ಯತೊಡಗಿದರು. ಆ ಬೈಗುಳ ಕೇಳಿ ನನಗೆ ಹೋಳಿಗೆ ಉಂಡಷ್ಟು ಖುಷಿಯಾಗುತ್ತಿತ್ತು.

ಅಷ್ಟರಲ್ಲಿ ವಡೋದರಾದಿಂದ ವೆಂಕಟಾಚಲ ಬಂದ. ನಮ್ಮವರ ದೂರದ ತಮ್ಮ, ಔಷಧದ ಕಂಪನಿಯ ನೌಕರ, ಗೊತ್ತಿದ್ದದ್ದನ್ನು ಹೇಳದಿದ್ದರೆ ಹೊಟ್ಟೆ ಉಬ್ಬುವ ಜಾತಿ. ಗೂಡಿನಲ್ಲಿದ್ದ ಶೀಶೆ ನೋಡಿದ್ದೇ ತಡ, "ಕಾಕು, ಕುರಿ ಕುತ್ತಗಿ ಮಾಲು ಇದು! ಭಾಳ ಛಲೋ ಔಷಧ" ಅಂದುಬಿಟ್ಟ. ಅವನ ಬಾಯಿಗೆ ಬೀಗ ಹಾಕಲು ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತೆ ಕೂಗಾಡಲಿಲ್ಲ. ತಣ್ಣೀರು ಸುರಿದುಕೊಂಡು, ಪಂಚಗವ್ಯ ಕುಡಿದು, ಉಪವಾಸ ಕೂತರು. "ಒಂದು ಜೀವದ ಕುತ್ತಗಿ ಕೊಯ್ದು ನನ್ನ ಎದಿ ಬಡೀಬೇಕೇನು? ನಿಲ್ಲಲಿ ಬಿಡು" ಎಂದರು.

ಬೇಡಿದೆವು, ಅತ್ತೆವು. ಮಠದ ಆಚಾರ್ಯರೇ ಬಂದು ಆಪತ್ತಿಗೆ ದೋಷವಿಲ್ಲ ಅಂದರೂ ಕೇಳಲಿಲ್ಲ. ಕದ್ದು ಅನ್ನದಲ್ಲಿ ಬೆರೆಸೋಣವೆಂದರೆ ಅವರ ಒಲೆ ಬೇರೆ, ಅವರ ನೀರಿನ ಕೊಡ ಬೇರೆ, ಮಡಿಯಲ್ಲಿದ್ದಾಗ ನಾವು ಹತ್ತಿರ ಸುಳಿಯುವಂತಿಲ್ಲ. ಕಣ್ಣೆದುರಿಗೆ ಮುಖ ಮತ್ತೆ ಊದಿತು. ಧಾಬಳಿ ಹೊರಗೆ ಬಂತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ತೂಕಡಿಸುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಅಳು ಬರುತ್ತಿತ್ತು.

ಶ್ರಾವಣದ ಕೊನೆಗೆ ವೆಂಕಟಾಚಲ ಮತ್ತೆ ಬಂದ, ಓಡೋಡಿ. ವಿಲಾಯತಿಯಲ್ಲಿ ಅದೇ ರಸವನ್ನು ಪ್ರಾಣಿಯಿಲ್ಲದೆ ಕಾರ್ಖಾನೆಯಲ್ಲೇ ತಯಾರಿಸುತ್ತಾರಂತೆ. ಮುಂಬಯಿಯಲ್ಲಿ ಯಾರ ಯಾರನ್ನೋ ಕಾಡಿ ಒಂದು ಡಬ್ಬಿ ತಂದಿದ್ದ. ಡಾಕ್ಟರೂ ನೋಡಿ ಹೌದೆಂದರು.

ನಮ್ಮವರು ಅತ್ತೆಯ ಮುಂದೆ ಕೂತರು. "ಅವ್ವಾ, ಇದರಾಗ ಕುರಿ ಇಲ್ಲ, ಏನೂ ಇಲ್ಲ. ಖರೇ ಹೇಳ್ತೀನಿ."

ಅತ್ತೆ ನಕ್ಕರು. "ಅವತ್ತೂ ಖರೇನ ಹೇಳಿದ್ದೆಲ್ಲಪಾ."

"ಅವತ್ತಿಂದು ಸುಳ್ಳ. ಇದು ಖರೇ. ಬೇಕಾದ್ರ ತುಳಸಿ..." ಎಂದು ನಮ್ಮವರು ಏಳಹೋದರು.

ಅತ್ತೆ ಅವರ ಮಣಿಕಟ್ಟು ಹಿಡಿದರು. ಆ ಊದಿದ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. "ಬ್ಯಾಡಪಾ. ನಾ ಬದುಕಲಿ ಅಂತ ಹೇಳ್ತೀ, ನನಗ ಗೊತ್ತದ. ಸಿಟ್ಟಿಲ್ಲ ನನಗ. ಆದರ ಇನ್ನೊಮ್ಮೆ ಸುಳ್ಳ ಆಣಿ ಮಾಡಿ ನರಕಕ್ಕ ಹೋಗಬ್ಯಾಡ. ನಾನರೆ ಹೋಗಾಕಿ, ನೀ ಮಕ್ಕಳೊಂದಿಗ."

"ಖರೇನ ಅವ್ವಾ, ಖರೇನ!" ನಮ್ಮವರು ಚಿಕ್ಕ ಹುಡುಗನಂತೆ ಅತ್ತರು. ಅತ್ತೆ ಮಡಿಯನ್ನೂ ಮರೆತು ಅವರ ತಲೆ ಸವರುತ್ತಲೇ ಇದ್ದರು. ನಾನೂ ಹೇಳಿದೆ, ವೆಂಕಟಾಚಲನೂ ಹೇಳಿದ. ನಾವೆಲ್ಲ ಸೇರಿ ಕಟ್ಟಿದ ಸುಳ್ಳು ಎಂದೇ ಅವರು ತಿಳಿದರು.

"ನಾಗವೇಣಿ," ಎಂದರು ನನಗೆ, "ಎದ್ದು ಹಯವದನಗ ಊಟಕ್ಕ ಹಾಕು. ಮುಂಜಾನಿಂದ ಏನೂ ತಿಂದಿಲ್ಲ."

ಬಡಿಸಿದೆ. ಯಾರೂ ಉಣ್ಣಲಿಲ್ಲ. ಅದರ ಮುಂದಿನ ಬುಧವಾರ ಅತ್ತೆ ಕೂತಲ್ಲೇ ಹೋದರು.