ಮೊಗ್ಗಿನ ಹದ

ತೊರಪಲ್ಲಿ ಹತ್ತಿರದ ಗುಲಾಬಿ ತೋಟದ ಶೆಡ್ಡಿನಲ್ಲಿ, ಹೂವು ವಿಂಗಡಿಸುವ ಮೇಜಿನ ಮುಂದೆ ನಿಂತು, ಪಿಳ್ಳಮ್ಮ ಒಂದೊಂದೇ ಮೊಗ್ಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಗಟ್ಟಿ ಇದ್ದದ್ದು ದೂರದ ದೇಶಕ್ಕೆ, ಮೆತ್ತಗಾದದ್ದು ಹೊಸೂರು ಮಾರ್ಕೆಟ್ಟಿಗೆ. ಹದಿನಾರು ವರ್ಷದಿಂದ ಇದೇ ಕೆಲಸ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಅಂದಿನಿಂದ ಇಂದಿನವರೆಗೂ ‘ಹೆಲ್ಪರ್’. ಯಾರಿಗೆ ಹೆಲ್ಪ್ ಎಂದು ಯಾರೂ ಕೇಳಿರಲಿಲ್ಲ.

ಸೂಪರ್‌ವೈಸರ್ ಗೋಪಿನಾಥ್ ಟ್ಯಾಬ್ ಹಿಡಿದು ಬಂದ. ಹೂವು ಕೊಳ್ಳುವ ವಿದೇಶಿ ಕಂಪನಿ ತೋಟದ ಕಸುಬುಗಳ ಒಂದು ಪಟ್ಟಿ ಕಳಿಸಿತ್ತು. ಕೆಲಸಗಾರರು ಯಾವ ದೇಶದವರಾದರೂ ಅವರ ಕಸುಬನ್ನು ಆ ಪಟ್ಟಿಯಲ್ಲಿರುವಂತೆ ಒಂದೇ ಬಗೆಯಲ್ಲಿ ಬರೆಯಬೇಕಂತೆ. ಕಸುಬು ದಾಖಲಾದವರು ಈ ಮೇಜಿನ ಕೆಲಸದಲ್ಲೇ ಇರುತ್ತಾರೆ. ಉಳಿದವರು ಮುಂದಿನ ತಿಂಗಳಿಂದ ಬಿಸಿಲಲ್ಲಿ ಕಳೆ ಕೀಳಬೇಕು.

“ಅಕ್ಕಾ, ನಿಮಗೆ ಏನೇನು ಕೆಲಸ ಬತ್ತದೆ?”

“ನಂಗೇನ್ ಬತ್ತದೆ ಸಾರ್? ಓದಿಲ್ಲ, ಬರ್ದಿಲ್ಲ. ಹೂವಿನ ಕೆಲ್ಸ ಮಾಡ್ಕಂಡಿದೀನಿ, ಅಷ್ಟೇ.”

‘ಯಾವುದೂ ಇಲ್ಲ’ ಎಂಬಲ್ಲಿ ಒತ್ತಲು ಹೋದ ಗೋಪಿನಾಥ್, ಸುಮ್ಮನೆ ಕುತೂಹಲಕ್ಕೆ ಪಟ್ಟಿಯನ್ನು ಕೆಳಗೆ ಸರಿಸಿದ. ಒಂದು ಸಾಲು ಕಣ್ಣಿಗೆ ಬಿತ್ತು. ಗಟ್ಟಿಯಾಗಿ ಓದಿದ: “ಮೊಗ್ಗನ್ನು ಮುಟ್ಟಿ ಹದ ತಿಳಿದು, ಹೋಗುವ ದೂರಕ್ಕೆ ತಕ್ಕಂತೆ ಬೇರ್ಪಡಿಸುವುದು.”

ಪಿಳ್ಳಮ್ಮನ ಕೈ ನಿಂತಿತು. “ಅದು ನಾನ್ ಮಾಡೋದೇ ಅಲ್ವಾ! ಯಾರು ಬರ್ದೋರು?”

“ಕೀನ್ಯಾ ದೇಶದ ತೋಟಗಳ್ನ ನೋಡಿ ಬರ್ದವ್ರಂತೆ.”

“ಅಲ್ಲಿ ಹೆಂಗಸ್ರೂ ಹಿಂಗೇ ಒತ್ತಿ ನೋಡ್ತಾರಾ? ಯಾವ ಬೆರಳಲ್ಲಿ?”

ಗೋಪಿನಾಥನಿಗೆ ಅದು ಗೊತ್ತಿರಲಿಲ್ಲ. ಆದರೆ ಈ ಬೆರಳುಗಳು ಗೊತ್ತಿದ್ದವು. ಎಂಟು ವರ್ಷದ ಹಿಂದೆ ಇದೇ ಮೇಜಿನಲ್ಲಿ ಅವನ ಕೈ ಹಿಡಿದು ಹದ ತೋರಿಸಿದ್ದವು. ಅವನು ಮೊದಲ ಸಲ ತುಂಬಿದ ಪೆಟ್ಟಿಗೆಯ ಹೂವೆಲ್ಲ ದಾರಿಯಲ್ಲೇ ಅರಳಿ ಹಾಳಾದಾಗ, ಬೈಗುಳ ತಿಂದವರು ಪಿಳ್ಳಮ್ಮ. ಆಮೇಲೆ ಅವನು ಸರ್ಟಿಫಿಕೇಟ್ ತಂದ, ಸೂಪರ್‌ವೈಸರ್ ಆದ. ಅಂದಿನಿಂದ ಅವರಿಗೆ ಅವನು ‘ಸಾರ್’. ಹದ ಕಲಿತದ್ದು ಟ್ರೈನಿಂಗಿನಲ್ಲಿ ಎಂದೇ ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ನೆನೆದು ಅವನಿಗೆ ನಾಚಿಕೆಯಾಯಿತು.

ಆ ಸಾಲಿನ ಮುಂದೆ ಪಿಳ್ಳಮ್ಮನ ಹೆಸರು ಹಾಕಲು ಹೋದಾಗ, ಆಫೀಸಿನಲ್ಲಿ ಮ್ಯಾನೇಜರ್ ಮುರಳಿಕೃಷ್ಣ ತಡೆದರು. “ಸರ್ಟಿಫಿಕೇಟ್ ಇಲ್ದೆ ಹೆಂಗ್ ಹಾಕ್ತೀರ? ನಾಳೆ ಎಲ್ಲಾರೂ ನಂಗೂ ಬತ್ತದೆ ಅಂತಾರೆ. ಕೊಳ್ಳೋರು ಕೇಳಿದ್ರೆ ಏನ್ ಹೇಳಾನ?”

ಅವರ ಮಾತಲ್ಲೂ ಸುಳ್ಳಿರಲಿಲ್ಲ. ಗೋಪಿನಾಥ್ ಪಟ್ಟಿಯ ಕೊನೆ ತೋರಿಸಿದ. “ಸರ್ಟಿಫಿಕೇಟ್ ಇರೋ ಒಬ್ರು ಸಾಕ್ಷಿ ಹಾಕಿದ್ರೆ ಸಾಕು ಅಂತ ಐತೆ ಸಾರ್. ನಾನು ಹಾಕ್ತೀನಿ.”

ಸಾಕ್ಷಿಗೆ ಅಲ್ಲೊಂದು ಪ್ರಶ್ನೆಯಿತ್ತು: ‘ಇವರಿಗೆ ಈ ಕಸುಬು ಬರುತ್ತದೆ ಎಂದು ನಿಮಗೆ ಹೇಗೆ ಗೊತ್ತು?’

ಗೋಪಿನಾಥ್ ಬರೆದ: ‘ನನಗೆ ಕಲಿಸಿದವರು ಇವರೇ.’

ಮುರಳಿಕೃಷ್ಣ ಎರಡು ಸಲ ಓದಿದರು. “ಸರಿ, ಹಾಕಿ” ಎಂದು ಟ್ಯಾಬ್ ಹಿಂದಕ್ಕೆ ಕೊಟ್ಟರು.

ಅವನು ಮೇಜಿನ ಬಳಿಗೆ ಮರಳಿದಾಗ ಪಿಳ್ಳಮ್ಮ ಕೇಳಿದರು, “ಏನ್ ಬರ್ದ್ರಿ ಸಾರ್?”

ಅವನು ಓದಿ ಹೇಳಿದ. ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೊಂದು ಮೊಗ್ಗು ಎತ್ತಿಕೊಂಡು, ತಲೆಯೆತ್ತದೆ ಕೇಳಿದರು:

“ಆ ಪೆಟ್ಟಿಗೆ ಹಾಳ್ ಮಾಡಿದ್ದೂ ಬರ್ದೇನ್ಲಾ, ಗೋಪಿ?”

ಗೋಪಿನಾಥ್ ನಕ್ಕು, ಟ್ಯಾಬ್ ತೆರೆದು ಅದನ್ನೂ ಬರೆದ.